ಗಾಯ ಕಟ್ಟುವವರ ಕಲಿಕೆ: ಕೋಲಾರ ಸೀಮೆಯಿಂದ ಕಂಡ ಒಂದು ಚರಿತ್ರೆ

ಮಾಲೂರು ತಾಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರು. ದೈವಶಾಸ್ತ್ರ ವಿಭಾಗದ ವಿದ್ಯಾರ್ಥಿಗಳೊಡನೆ ನಾವು ಅಲ್ಲಿಗೆ ಹೋದದ್ದು ಧಾರ್ಮಿಕ ಕಲೆಯ ಪಾಠದ ಅಂಗವಾಗಿ. ಮರಳಿ ಬರುವಾಗ ಹೊತ್ತು ತಂದ ಪ್ರಶ್ನೆ ಮಾತ್ರ ಪಾಲನಾ ಸೇವೆಗೆ ಸಂಬಂಧಿಸಿದ್ದು. ಹಿರಿಯ ಶಿಲ್ಪಿಯೊಬ್ಬರು ಹೊಸದಾಗಿ ಬಂದಿಳಿದ ಕಲ್ಲಿಗೆ ಉಳಿಯನ್ನು ಮುಟ್ಟಿಸುವ ಮೊದಲು ಅದರ ಸುತ್ತ ಒಂದು ಬಾರಿ ನಡೆದು, ಸುತ್ತಿಗೆಯಿಂದ ಅಲ್ಲಲ್ಲಿ ಮೆಲ್ಲನೆ ತಟ್ಟಿ, ಕಿವಿಗೊಟ್ಟು ನಿಂತರು. ಗಂಟೆಯಂತೆ ದನಿಗೊಟ್ಟರೆ ಕಲ್ಲು ಗಟ್ಟಿ. ದನಿ ಮಂಕಾದರೆ ಒಳಗೆಲ್ಲೋ ಬಿರುಕಿದೆ. ಕಣ್ಣಿಗೆ ಕಾಣದ ಆ ಬಿರುಕನ್ನು ಅರಿಯದೆ ಏಟು ಹಾಕಿದರೆ ಕಲ್ಲು ಒಡೆಯುತ್ತದೆ, ಒಡೆದದ್ದು ಏಟಿನಿಂದಲೇ ಎಂದು ನೋಡಿದವರು ಭಾವಿಸುತ್ತಾರೆ. ಹೀಗೆ ಕೇಳುವುದನ್ನು ಕಲಿಯಲು ಎಷ್ಟು ಕಾಲ ಬೇಕೆಂದು ವಿದ್ಯಾರ್ಥಿಯೊಬ್ಬನು ವಿಚಾರಿಸಿದಾಗ, ಕೆತ್ತುವುದನ್ನು ಕಲಿಯುವುದಕ್ಕಿಂತ ಹೆಚ್ಚು ಎಂಬ ಉತ್ತರ ಬಂತು.

ನಮ್ಮ ಗುರುಮಠಗಳಲ್ಲಿ ಏಳೆಂಟು ವರ್ಷ ಬೋಧಿಸುವುದನ್ನು ಕಲಿಸುತ್ತೇವೆ. ಕೇಳುವುದನ್ನು ಎಷ್ಟು ದಿನ ಕಲಿಸುತ್ತೇವೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನಾವು ಚರಿತ್ರೆಯ ಕಡೆಗೆ ತಿರುಗಿದೆವು. ಇಂದು ಜಗತ್ತಿನಾದ್ಯಂತ ‘ಆಘಾತವನ್ನು ಅರಿತ ಆರೈಕೆ’ ಎಂಬ ಹೆಸರಿನಲ್ಲಿ ವೈದ್ಯರು, ದಾದಿಯರು, ಶಿಕ್ಷಕರು, ಪೊಲೀಸರು, ಸಮಾಜಸೇವಕರು ತರಬೇತಿ ಪಡೆಯುತ್ತಿದ್ದಾರೆ. ಇದು ಮನೋಚಿಕಿತ್ಸೆಯಲ್ಲ. ಎದುರಿಗೆ ಬಂದು ನಿಂತವರ ಒಳಗೆ ಹಳೆಯ ಗಾಯವಿರಬಹುದೆಂಬ ಎಚ್ಚರದಿಂದ ಮಾತನಾಡುವ, ಪ್ರಶ್ನೆ ಕೇಳುವ, ಬಾಗಿಲು ತೆರೆಯುವ, ಮುಚ್ಚುವ ರೀತಿ ಅದು. ಅದರ ಮೊದಲ ಪಾಠ ಗುಣಪಡಿಸುವುದಲ್ಲ, ಮತ್ತೆ ಗಾಯಗೊಳಿಸದಿರುವುದು. ಕನ್ನಡದಲ್ಲಿ ಅದರ ಸಾರವನ್ನು ಎರಡು ಮಾತುಗಳ ಅಂತರದಲ್ಲಿ ತೋರಿಸಬಹುದು. ‘ಏನು ಬಂದಿದೆ ನಿನಗೆ?’ ಎನ್ನುವುದು ಗದರಿಕೆ, ‘ಏನಾಯಿತು ನಿನಗೆ?’ ಎನ್ನುವುದು ವಿಚಾರಣೆ.

ಗಾಯವೆಂಬ ಅರ್ಥದ ಗ್ರೀಕ್ ಪದ ‘ತ್ರೌಮ’ ಇಡೀ ಹೊಸ ಒಡಂಬಡಿಕೆಯಲ್ಲಿ ಒಂದೇ ಒಂದು ಕಡೆ ಬರುತ್ತದೆ: ಸಂತ ಲೂಕರ ಶುಭಸಂದೇಶದ 10ನೆಯ ಅಧ್ಯಾಯದಲ್ಲಿ, ದಯಾಳು ಸಮಾರಿಯನು ದಾರಿಯಲ್ಲಿ ಬಿದ್ದವನ ಗಾಯಗಳನ್ನು ಕಟ್ಟುವಲ್ಲಿ. ಆ ಸಾಮತಿಯ ಮೇಲೆ ನಾವು ನೀಡುವ ಪ್ರಬೋಧನೆಗಳಲ್ಲಿ ಯಾಜಕ, ಲೇವಿಯ, ಸಮಾರಿಯ ಈ ಮೂವರಿಗೇ ಸಮಯ ಮುಗಿದುಹೋಗುತ್ತದೆ. ಛತ್ರದವನು ನೆನಪಿಗೆ ಬರುವುದಿಲ್ಲ. ಆದರೆ ಸಮಾರಿಯನು ಮರುದಿನ ಹೊರಟುಹೋದ ಮೇಲೆ ಗಾಯಾಳುವಿನ ರಾತ್ರಿಗಳನ್ನು ಕಾಯಬೇಕಾದವನು ಅವನೇ. ಅನುಕಂಪ ಉಕ್ಕಿದ್ದರಿಂದ ಅವನು ಆ ಕೆಲಸಕ್ಕೆ ಬಂದವನಲ್ಲ. ಎರಡು ನಾಣ್ಯ ಪಡೆದು, ಜವಾಬ್ದಾರಿ ಒಪ್ಪಿಕೊಂಡವನು. ಇಂದಿನ ಭಾಷೆಯಲ್ಲಿ ಸೇವೆ ಒದಗಿಸುವವನು. ಈ ಲೇಖನ ಅಂಥ ಛತ್ರದವರ ಚರಿತ್ರೆ.

ಕೋಲಾರ ಸೀಮೆಯಲ್ಲಿ ಕ್ರೈಸ್ತ ಸೇವೆಯ ದೊಡ್ಡ ಅಧ್ಯಾಯವೊಂದು ಧಾತು-ಈಶ್ವರ ಸಂವತ್ಸರಗಳ ಬರಗಾಲದಿಂದ, ಅಂದರೆ 1876ರಿಂದ 1878ರವರೆಗಿನ ಕ್ಷಾಮದಿಂದ, ಆರಂಭವಾಗುತ್ತದೆ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷವನ್ನು ದಾಟಿತ್ತು. 1881ರ ಗಣತಿಯಲ್ಲಿ ಅದು 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಹತ್ತು ವರ್ಷಗಳಲ್ಲಿ ಆಗಬೇಕಾಗಿದ್ದ ಸಹಜ ಏರಿಕೆಯನ್ನು ಸೇರಿಸಿ ನೋಡಿದರೆ ಹಾನಿ ಇನ್ನೂ ದೊಡ್ಡದು. ಆ ದಿನಗಳಲ್ಲಿ ಕೋಲಾರದಲ್ಲಿ ಮಿಸ್ ಆನ್‌ಸ್ಟೀ ಎಂಬ ಇಂಗ್ಲಿಷ್ ಮಹಿಳೆ ನೂರಾರು ಅನಾಥ ಮಕ್ಕಳನ್ನು ಕೂಡಿಸಿ ಸಾಕಿದರು. ನಿಯಮಿತ ನಿಧಿಯನ್ನು ನೆಚ್ಚದೆ, ಬಂದ ಕಾಣಿಕೆಗಳನ್ನೇ ನಂಬಿ ನಡೆದ ಆ ಅನಾಥಾಲಯ 1890ರಲ್ಲಿ ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಸಭೆಯ ಕೈಸೇರಿತು. ಇಂದಿಗೂ ಕೋಲಾರದಲ್ಲಿ ಜನ ಬಲ್ಲ ಎಲೆನ್ ತೋಬರ್ನ್ ಕೋವನ್ ಸ್ಮಾರಕ ಆಸ್ಪತ್ರೆ ಆ ಸಭೆಯ ಸೇವೆಯ ಮುಂದುವರಿಕೆ. ನಮ್ಮ ಕಥೋಲಿಕ ಧರ್ಮಸಭೆಯ ಮೈಸೂರು ಮಿಷನ್ ಕೂಡ ಅದೇ ಬರಗಾಲದಲ್ಲಿ ಅನಾಥಾಲಯಗಳನ್ನು ತೆರೆಯಿತು. ಬೇರೆ ಸಭೆಯವರ ಕೆಲಸವೆಂದು ಆನ್‌ಸ್ಟೀ ಅವರ ಹೆಸರನ್ನು ನಮ್ಮ ಪಠ್ಯಗಳಲ್ಲಿ ಬಿಟ್ಟುಬಿಡುವುದು ಸಣ್ಣತನವೆಂದೇ ನಮ್ಮ ಅಭಿಪ್ರಾಯ.

ಆ ಮಕ್ಕಳಿಗೆ ಗಂಜಿ ಸಿಕ್ಕಿತು, ಬಟ್ಟೆ ಸಿಕ್ಕಿತು, ಅಕ್ಷರ ಸಿಕ್ಕಿತು, ಕಸುಬು ಸಿಕ್ಕಿತು. ತಾಯಿ ರಸ್ತೆಯ ಬದಿಯಲ್ಲಿ ಸತ್ತುದನ್ನು ಕಂಡ ಮಗುವಿನ ರಾತ್ರಿಗಳಿಗೆ ಏನು ಸಿಕ್ಕಿತು? ಈ ಪ್ರಶ್ನೆಯನ್ನು ಅಂದಿನವರ ಮೇಲೆ ಆಪಾದನೆಯಾಗಿ ಹೊರಿಸಬಾರದು. ಅದೇ ಕಾಲದಲ್ಲಿ ಲಂಡನ್ನಿನ ಶಸ್ತ್ರವೈದ್ಯರು ರೈಲು ಅಪಘಾತದಲ್ಲಿ ಬದುಕುಳಿದವರ ನಡುಕ, ನಿದ್ರಾಹೀನತೆಗಳಿಗೆ ಬೆನ್ನುಹುರಿಗೆ ಬಿದ್ದ ಪೆಟ್ಟೇ ಕಾರಣವೆಂದು ವಾದಿಸುತ್ತಿದ್ದರು. 1866ರಲ್ಲಿ ಜಾನ್ ಎರಿಕ್ ಎರಿಕ್ಸನ್ ಅದರ ಮೇಲೆ ಪುಸ್ತಕವನ್ನೇ ಬರೆದರು. ಮೊದಲ ಮಹಾಯುದ್ಧದ ಸೈನಿಕರಲ್ಲಿ ಅದೇ ಲಕ್ಷಣಗಳು ಕಂಡಾಗ ಅದು ಸಿಡಿಗುಂಡಿನ ಆಘಾತವೆನಿಸಿತು. ಅಮೆರಿಕದ ಮನೋವೈದ್ಯ ಸಂಘದ ಕೈಪಿಡಿಯಲ್ಲಿ ಆಘಾತೋತ್ತರ ಒತ್ತಡದ ಬೇನೆಗೆ ಈಗಿನ ಹೆಸರು ದೊರೆತದ್ದು 1980ರಲ್ಲಿ. ಹೆಸರಿಲ್ಲದ ಬೇನೆಗೆ ಮದ್ದು ಹುಡುಕುವವರಿಲ್ಲ. ಆದರೂ ಅನಾಥಾಲಯದ ಕಟ್ಟುನಿಟ್ಟು, ಗಂಟೆಗನುಗುಣವಾದ ಪ್ರಾರ್ಥನೆ, ಅಳುವ ಮಗುವನ್ನು ಅಶಿಸ್ತಿನದೆಂದು ಎಣಿಸುವ ಅಭ್ಯಾಸ ಇವೆಲ್ಲ ನಮ್ಮ ಬೋರ್ಡಿಂಗ್ ಶಾಲೆಗಳಿಗೆ ಎಲ್ಲಿಂದ ಬಂದವೆಂದು ಯೋಚಿಸಬೇಕಾದವರು ನಾವು.

ಕೋಲಾರ ಸೀಮೆಯ ಎರಡನೆಯ ಗಾಯ ನೆಲದ ಅಡಿಯದು. 1880ರಿಂದ ಜಾನ್ ಟೇಲರ್ ಮತ್ತು ಸನ್ಸ್ ಕಂಪೆನಿಯ ಆಡಳಿತದಲ್ಲಿ ಚಿನ್ನದ ಗಣಿಗಳು ಬೆಳೆದವು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಅಷ್ಟು ಆಳದಲ್ಲಿ ಬಂಡೆ ತನ್ನ ಮೇಲಿನ ಭಾರ ತಾಳಲಾರದೆ ಸಿಡಿಯುತ್ತದೆ. ಆ ಸಿಡಿತ ಮೇಲೆ ಮನೆಗಳಲ್ಲಿ ಕುಳಿತ ಹೆಂಡತಿ ಮಕ್ಕಳ ಕಾಲಡಿಯ ನೆಲವನ್ನೂ ನಡುಗಿಸುತ್ತಿತ್ತು. ನೆಲ ನಡುಗಿದಾಗಲೆಲ್ಲ ಗಣಿಯ ಬಾಯಿಗೆ ಓಡುವುದು ಅಲ್ಲಿನ ಮನೆಗಳಿಗೆ ಅಭ್ಯಾಸವಾಗಿತ್ತು. 1940ರ ಸುಮಾರಿಗೆ ಮೈಸೂರು ಸಂಸ್ಥಾನವು ಕಲ್ಲುಧೂಳಿನಿಂದ ಬರುವ ಶ್ವಾಸಕೋಶದ ಬೇನೆಗೆ ಪರಿಹಾರ ಕೊಡುವ ನಿಯಮಗಳನ್ನು ಮಾಡಿತು. ಭಾರತದ ಕಾರ್ಮಿಕ ಚರಿತ್ರೆಯಲ್ಲಿ ಅದು ದೊಡ್ಡ ಹೆಜ್ಜೆ. ಎದೆಯೊಳಗೆ ಸೇರಿದ ಧೂಳು ಕ್ಷ-ಕಿರಣದಲ್ಲಿ ಕಂಡಿತು, ಅದಕ್ಕೆ ಬೆಲೆ ಕಟ್ಟಲಾಯಿತು. ಎದೆಯೊಳಗೆ ಸೇರಿದ ಹೆದರಿಕೆ ಯಾವ ಕಿರಣಕ್ಕೂ ಕಾಣಲಿಲ್ಲ. ಅಲ್ಲಿನ ಗುರುಗಳಿಗೆ ಶವಸಂಸ್ಕಾರದ ವಿಧಿ ಗೊತ್ತಿತ್ತು, ವಿಧವೆಗೆ ಸಹಾಯಧನ ಕೊಡಿಸುವುದು ಗೊತ್ತಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಜನರಿಗೆ ತಗುಲಿದ್ದು ಬೇರೆ ಬಗೆಯ ಪೆಟ್ಟು: ಸಾವಿಲ್ಲದ ಸೂತಕ. ಬೆಳಗಿನ ಕತ್ತಲಲ್ಲಿ ರೈಲು ಹತ್ತಿ, ಬಂಗಾರಪೇಟೆ, ಮಾಲೂರು ದಾಟಿ ಬೆಂಗಳೂರಿಗೆ ಕೂಲಿಗೆ ಹೋಗಿಬರುವ ಗಣಿಯ ಮಕ್ಕಳು ಇಂದಿಗೂ ಆ ಮಾರ್ಗದ ಬೋಗಿಗಳಲ್ಲಿ ಕಾಣಸಿಗುತ್ತಾರೆ.

ಇಲ್ಲಿಯವರೆಗಿನ ಚರಿತ್ರೆ ಆರೈಕೆಯದು. ಆರೈಕೆ ಮಾಡುವವರ ತರಬೇತಿಯದಲ್ಲ. ಅದು ನಮ್ಮ ನಾಡಿನಲ್ಲಿ ಆರಂಭವಾದದ್ದು ವಿಪತ್ತಿನಿಂದಲ್ಲ, ಬಡತನದ ಲೆಕ್ಕಾಚಾರದಿಂದ. ಇಷ್ಟು ದೊಡ್ಡ ದೇಶಕ್ಕೆ ಬೆರಳೆಣಿಕೆಯ ಮನೋವೈದ್ಯರು. ಹಳ್ಳಿಗೆ ಯಾರೂ ಬರಲಾರರು. ಹಾಗಾದರೆ ಹಳ್ಳಿಯಲ್ಲಿ ಈಗಾಗಲೇ ಇರುವವರಿಗೆ ಕಲಿಸಿದರೆ? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1975ರಲ್ಲಿ ಸಮುದಾಯ ಮನೋವೈದ್ಯ ಘಟಕವೊಂದನ್ನು ತೆರೆದು, ಮರುವರ್ಷ ಆನೇಕಲ್ ಕಡೆಯ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವನ್ನು ಸ್ಥಾಪಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರು, ಶಾಲಾ ಶಿಕ್ಷಕರು ಅಲ್ಲಿ ಅಲ್ಪಾವಧಿಯ ತರಬೇತಿಗೆ ಬಂದರು. ಮನಸ್ಸಿನ ಬೇನೆ ದೆವ್ವದ ಕಾಟವಲ್ಲ, ಶಾಪವಲ್ಲ, ಗುರುತಿಸಬಹುದಾದದ್ದು ಎಂಬುದು ಸರಳ ಭಾಷೆಯಲ್ಲಿ ಕೈಪಿಡಿಗಳಾಯಿತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಇದನ್ನೇ ಜಿಲ್ಲೆಯ ಮಟ್ಟದಲ್ಲಿ ನಡೆಸಿ ನೋಡಲಾಯಿತು. ಆ ಮಾದರಿಯ ಮೇಲೆಯೇ 1996ರಲ್ಲಿ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಬಳ್ಳಾರಿಯ ಹೆಸರು ಗಣಿಗಾರಿಕೆಯ ಹಗರಣಗಳಿಗಷ್ಟೇ ನೆನಪಾಗುವ ನಮ್ಮ ಕಾಲದಲ್ಲಿ ಇದನ್ನು ಹೇಳಿಕೊಳ್ಳಬೇಕು.

ಈ ನಡುವೆ ಬೆಂಗಳೂರಿನಲ್ಲಿ ಒಂದು ದುರಂತ ಸಂಭವಿಸಿತು. 1981ರ ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಮಡಿದರು; ಅವರಲ್ಲಿ ಬಹುಪಾಲು ಮಕ್ಕಳು. ಸುಟ್ಟವರಿಗೆ ಆಸ್ಪತ್ರೆಗಳಿದ್ದವು. ಬೆಳಿಗ್ಗೆ ಮಗುವಿಗೆ ಹೊಸ ಅಂಗಿ ತೊಡಿಸಿ ಕಳಿಸಿಕೊಟ್ಟು, ಸಂಜೆ ಶವಗಳ ಸಾಲಿನಲ್ಲಿ ಅದೇ ಅಂಗಿಯನ್ನು ಹುಡುಕಿದ ತಂದೆತಾಯಿಗಳಿಗೆ ಏನಿತ್ತು? ನಿಮ್ಹಾನ್ಸ್‌ನ ಕೆಲವರು ಮಡಿದವರ ಬಂಧುಗಳ ದುಃಖವನ್ನೇ ಅಧ್ಯಯನಕ್ಕೆ ಎತ್ತಿಕೊಂಡರು. ಆ ಲೇಖನ 1987ರಲ್ಲಿ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ದೇಶದಲ್ಲಿ ವಿಪತ್ತಿನ ನಂತರದ ಮನಸ್ಸನ್ನು ಕುರಿತು ನಡೆದ ಮೊದಲ ಅಧ್ಯಯನಗಳ ಸಾಲಿನಲ್ಲಿ ಅದು ನಿಲ್ಲುತ್ತದೆ. ಸತ್ತವರನ್ನು ಎಣಿಸುತ್ತಿದ್ದ ವಿಪತ್ತಿನ ಲೆಕ್ಕಕ್ಕೆ ಉಳಿದವರೂ ಸೇರಿದರು.

1984ರ ಡಿಸೆಂಬರ್‌ನಲ್ಲಿ ಭೋಪಾಲದ ವಿಷಾನಿಲ ದುರಂತ. ಸಕಲವಾರದಲ್ಲಿ ಕಲಿತದ್ದು ಅಲ್ಲಿ ಕೆಲಸಕ್ಕೆ ಬಂತು. ನಿಮ್ಹಾನ್ಸ್‌ನ ಡಾ. ಆರ್. ಶ್ರೀನಿವಾಸ ಮೂರ್ತಿ ಅವರ ತಂಡ 1985ರ ಆರಂಭದಲ್ಲಿ ಭೋಪಾಲಕ್ಕೆ ಹೋಗಿ, ಅನಿಲ ಪೀಡಿತರ ನಡುವೆ ದುಡಿಯುತ್ತಿದ್ದ ಸುಮಾರು 50 ಮಂದಿ ಸಾಮಾನ್ಯ ವೈದ್ಯರಿಗೆ ತರಬೇತಿ ಕೊಟ್ಟಿತು. ಎದೆನೋವು, ಉಸಿರುಕಟ್ಟುವಿಕೆ ಎಂದು ಸಾಲಿನಲ್ಲಿ ನಿಂತವರಲ್ಲಿ ಎಷ್ಟು ಅನಿಲದ್ದು, ಎಷ್ಟು ಆ ರಾತ್ರಿಯ ನೆನಪಿನದ್ದು ಎಂದು ಬಿಡಿಸಿ ನೋಡುವುದು, ಎರಡನ್ನೂ ನಿಜವಾದ ನೋವೆಂದು ಒಪ್ಪುವುದು ಆ ತರಬೇತಿಯ ತಿರುಳು. ಹತ್ತು ಹದಿನೈದು ವರ್ಷಗಳಲ್ಲಿ ಈ ತರಬೇತಿ ವೈದ್ಯರಿಂದ ಇನ್ನೂ ಕೆಳಗಿಳಿಯಿತು. ಕೆಳಗೆ ಎಂದರೆ ಜನರ ಹತ್ತಿರಕ್ಕೆ. 1999ರ ಒಡಿಶಾ ಚಂಡಮಾರುತದ ನಂತರ ‘ಸ್ನೇಹಕರ್ಮಿ’ಗಳೆಂಬ ಹಳ್ಳಿಯ ಕಾರ್ಯಕರ್ತರು ವಿಧವೆಯರ, ಅನಾಥರ ಜೊತೆಗಿದ್ದರು. 2002ರ ಗುಜರಾತ್ ಹಿಂಸೆಯ ನಂತರ ‘ಅಮನ್ ಪಥಿಕ’ರು ಬಂದರು, ಎರಡೂ ಸಮುದಾಯಗಳಿಂದ ಬಂದ, ತಾವೂ ಕಳೆದುಕೊಂಡವರೇ ಆಗಿದ್ದ ಯುವಜನರು. 2004ರ ಸುನಾಮಿಯ ನಂತರ ಕನ್ಯಾಕುಮಾರಿ, ನಾಗಪಟ್ಟಣ ಕರಾವಳಿಯ ಬೆಸ್ತರ ಕೇರಿಗಳಲ್ಲಿ ಸಾವಿರಾರು ಮಂದಿ ಇಂಥ ತರಬೇತಿ ಪಡೆದರು. ಆ ಕೇರಿಗಳಲ್ಲಿ ಅನೇಕವು ನಮ್ಮ ಧರ್ಮಕೇಂದ್ರಗಳು.

ನಿಮ್ಹಾನ್ಸ್‌ನ ಡಾ. ಕೆ. ಶೇಖರ್ ಮತ್ತು ಸಂಗಡಿಗರು ಆ ಕಾರ್ಯಕರ್ತರಿಗಾಗಿ ಸಿದ್ಧಪಡಿಸಿದ ಕೈಪಿಡಿಗಳನ್ನು ನಾವು ಪಾಲನಾ ದೈವಶಾಸ್ತ್ರದ ತರಗತಿಯಲ್ಲಿ ಬಳಸುತ್ತೇವೆ. ಮನಸ್ಸಿಗೆ ಆಸರೆಯಾಗುವ ಕೆಲವು ಸರಳ ವಿಧಾನಗಳು ಅವುಗಳಲ್ಲಿವೆ: ಮನದೊಳಗಿನದನ್ನು ಹೊರಹಾಕಲು ಎಡೆಮಾಡಿಕೊಡುವುದು, ಅವರ ಸ್ಥಾನದಲ್ಲಿ ನಿಂತು ಅರಿಯುವುದು, ಕಿವಿಗೊಟ್ಟು ಕೇಳುವುದು, ನೆಂಟರಿಷ್ಟರ ಆಸರೆಯನ್ನು ಮತ್ತೆ ಕಟ್ಟುವುದು, ಕೈಗೆ ಕೆಲಸ, ಆಟ, ವಿಶ್ರಾಂತಿ. ಆಮೇಲೆ ಆಧ್ಯಾತ್ಮಿಕತೆ. ಸರ್ಕಾರಿ ಸಂಸ್ಥೆಯ ಮನೋವಿಜ್ಞಾನಿಗಳು ಭಕ್ತಿಗೆ, ಪ್ರಾರ್ಥನೆಗೆ ಇಷ್ಟು ಮಾನ್ಯತೆ ಕೊಟ್ಟಿದ್ದಾರಲ್ಲ ಎಂದು ನಮ್ಮ ವಿದ್ಯಾರ್ಥಿಗಳು ಹಿಗ್ಗುತ್ತಾರೆ. ಅವರು ಗಮನಿಸಬೇಕಾದದ್ದು ಕ್ರಮವನ್ನು. ಅಲ್ಲಿ ಕೇಳುವುದು ಮೊದಲು ಬರುತ್ತದೆ, ದೇವರ ಮಾತು ಆಮೇಲೆ ಬರುತ್ತದೆ. ಅದೂ ಕೇಳಿಸಿಕೊಂಡವನ ನಂಬಿಕೆಯ ಭಾಷೆಯಲ್ಲಿ. ನಾವು ಸಾಮಾನ್ಯವಾಗಿ ಹಿಂದುಮುಂದಾಗಿ ಮಾಡುತ್ತೇವೆ.

ಇದನ್ನು ನಾವು ಪುಸ್ತಕದಿಂದ ತಿಳಿದು ಹೇಳುತ್ತಿಲ್ಲ. ಅಭಿಷೇಕವಾದ ಎರಡನೆಯ ವರ್ಷ, ಒಂದು ಧರ್ಮಕೇಂದ್ರದಲ್ಲಿ, ಕೆಲಸದ ಜಾಗದಲ್ಲಿ ಮಡಿದ ಹುಡುಗನ ಮನೆಗೆ ನಾವು ಹೋದೆವು. ಹೊಸ್ತಿಲಲ್ಲಿ ನಿಂತೇ, ದೇವರ ಚಿತ್ತ, ಅಳಬಾರದು, ಅವನು ಒಳ್ಳೆಯ ಜಾಗಕ್ಕೆ ಹೋಗಿದ್ದಾನೆ ಎಂದು ಅವನ ತಾಯಿಗೆ ಹೇಳಿದೆವು. ಆಕೆ ಅಳು ನಿಲ್ಲಿಸಿದರು. ನಮ್ಮ ಮಾತು ಫಲಿಸಿತೆಂದುಕೊಂಡು ಹಿಂದಿರುಗಿದೆವು. ಆಕೆ ಕೆಲವು ತಿಂಗಳು ಬಲಿಪೂಜೆಗೆ ಬಂದು ಹಿಂದಿನ ಸಾಲಿನಲ್ಲಿ ಕುಳಿತಿರುತ್ತಿದ್ದರು, ಆಮೇಲೆ ಬರುವುದನ್ನೇ ಬಿಟ್ಟರು. ಮನೆಮನೆಗೆ ಹೋಗುತ್ತಿದ್ದ ಹಿರಿಯ ಭಗಿನಿಯೊಬ್ಬರು ಕಾರಣ ತಿಳಿಸಿದರು: ‘ಫಾದರ್, ಮಗನನ್ನು ಕಿತ್ತುಕೊಂಡದ್ದು ದೇವರೇ ಅಂತ ನೀವೇ ಹೇಳಿದಿರಂತೆ. ಕಿತ್ತುಕೊಂಡವನ ಮನೆಗೆ ಹೇಗೆ ಬರಲಿ ಅಂತಾರೆ.’ ಭಗಿನಿಯವರು ವಾರಕ್ಕೊಮ್ಮೆ ಹೋಗಿ ಆಕೆಯ ಜೊತೆ ಹುಣಸೆಹಣ್ಣು ಬಿಡಿಸುತ್ತ ಕೂರುತ್ತಿದ್ದರು. ಮಾತು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಯೋಬನ ಗೆಳೆಯರು ಏಳು ದಿನ ನೆಲದ ಮೇಲೆ ಮೌನವಾಗಿ ಕೂತಿರುವವರೆಗೆ ಒಳ್ಳೆಯ ಪಾಲಕರೇ ಆಗಿದ್ದರು ಎಂದು ಅಂದಿನಿಂದ ಪಾಠ ಹೇಳುತ್ತಿದ್ದೇವೆ.

ನಮ್ಮ ಪರಂಪರೆಯಲ್ಲಿ ಈ ವಿವೇಕ ಇಲ್ಲವೆಂದಲ್ಲ. 6ನೆಯ ಶತಮಾನದ ಕೊನೆಯಲ್ಲಿ ಪ್ಲೇಗು, ಯುದ್ಧ, ಹಸಿವುಗಳ ನಡುವೆ ರೋಮಿನ ಧರ್ಮಾಧ್ಯಕ್ಷರಾದ ಮಹಾ ಗ್ರೆಗೋರಿಯವರು ಪಾಲಕರ ಕೈಪಿಡಿಯೊಂದನ್ನು ಬರೆದರು. ಮೈಯ ವೈದ್ಯ ಕಲಿಯದೆ ಯಾರೂ ಮದ್ದು ಕೊಡಲು ಹೋಗುವುದಿಲ್ಲ, ಆತ್ಮದ ಗಾಯಗಳಿಗೆ ಮಾತ್ರ ಕಲಿಯದವರೂ ವೈದ್ಯರಾಗಲು ನಾಚುವುದಿಲ್ಲ ಎಂಬ ಅರ್ಥದ ದೂರಿನಿಂದ ಅದು ಆರಂಭವಾಗುತ್ತದೆ. ಅದರ ಮೂರನೆಯ ಭಾಗ ಎಲ್ಲಕ್ಕಿಂತ ದೀರ್ಘ: ದುಃಖಿಗೆ ಒಂದು ಮಾತು, ನಗುವವನಿಗೆ ಇನ್ನೊಂದು, ಅಂಜುವವನಿಗೆ ಬೇರೆ, ಸೊಕ್ಕಿನವನಿಗೆ ಬೇರೆ ಎಂದು ಎದುರಿಗಿರುವವರನ್ನು ನೋಡಿ ಮಾತಾಡುವ ವಿಧಾನ. ಶತಮಾನಗಳ ಕಾಲ ಧರ್ಮಾಧ್ಯಕ್ಷರ ಕೈಯಲ್ಲಿದ್ದ ಆ ಗ್ರಂಥ ಇಂದು ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಯಾಗಿದೆ.

‘ಆಘಾತವನ್ನು ಅರಿತ ಆರೈಕೆ’ ಎಂಬ ಕಲ್ಪನೆಗೆ ಈಗಿನ ರೂಪ ಬಂದದ್ದು ಅಮೆರಿಕದಲ್ಲಿ. 2001ರಲ್ಲಿ ಮ್ಯಾಕ್ಸೀನ್ ಹ್ಯಾರಿಸ್ ಮತ್ತು ರೋಜರ್ ಫ್ಯಾಲಟ್ ಸೇವಾ ವ್ಯವಸ್ಥೆಗಳನ್ನೇ ಈ ದೃಷ್ಟಿಯಿಂದ ಮರುರೂಪಿಸಬೇಕೆಂದು ಬರೆದರು; 2014ರಲ್ಲಿ ಅಲ್ಲಿನ ಸರ್ಕಾರಿ ಸಂಸ್ಥೆಯೊಂದು ಅದರ ತತ್ತ್ವಗಳನ್ನು ಕ್ರೋಡೀಕರಿಸಿತು. ಸುರಕ್ಷತೆ, ನಂಬಿಕೆಗೆ ಅರ್ಹತೆ, ಆಯ್ಕೆಯ ಹಕ್ಕು ಮೊದಲಾದವು ಅವು. ವ್ಯಕ್ತಿಯೊಬ್ಬ ಒಳ್ಳೆಯವನಾಗಿದ್ದರೆ ಸಾಲದು, ಕಟ್ಟಡ, ಕಚೇರಿ, ಅರ್ಜಿಯ ನಮೂನೆ, ಕಾವಲುಗಾರನ ದನಿ ಎಲ್ಲವೂ ಇದರ ಅಡಿ ಬರುತ್ತವೆ ಎಂಬುದು ಇಲ್ಲಿನ ಹೊಸ ಮಾತು. ಧರ್ಮಕೇಂದ್ರದ ಕಚೇರಿಯನ್ನು ಈ ಕಣ್ಣಿನಿಂದ ನೋಡಬಹುದು. ಗಂಡನ ಹೊಡೆತ ತಾಳಲಾರದೆ ಬಂದ ಹೆಣ್ಣುಮಗಳು ಎಲ್ಲರ ಎದುರು, ಜ್ಞಾನಸ್ನಾನದ ಪ್ರಮಾಣಪತ್ರಕ್ಕೆ ಕಾಯುವವರ ನಡುವೆ, ಗುಮಾಸ್ತನಿಗೆ ಮೊದಲು ಕಾರಣ ಹೇಳಬೇಕು. ಒಳಗೆ ಬಂದರೆ ಬಾಗಿಲು ಮುಚ್ಚಬೇಕೇ ತೆರೆದಿರಬೇಕೇ ಎಂದು ಆಕೆಯನ್ನು ಯಾರೂ ಕೇಳುವುದಿಲ್ಲ. ಮುಂದಿನ ವಾರ ಗಂಡನನ್ನು ಕರೆಸಿ, ಇಬ್ಬರನ್ನೂ ಎದುರುಬದುರು ಕೂರಿಸಿ ರಾಜಿ ಮಾಡಿಸುತ್ತೇವೆ. ಇದನ್ನು ಸಂಧಾನವೆಂದು ಕರೆಯುತ್ತೇವೆ.

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದಿದೆ. 2012ರ ಪೋಕ್ಸೊ ಕಾಯಿದೆಯ ಪ್ರಕಾರ ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ ಪಡೆಯಬೇಕು. ಪೊಲೀಸ್ ಅಧಿಕಾರಿ ಸಮವಸ್ತ್ರದಲ್ಲಿರಬಾರದು. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳಬಾರದು. ಸಮವಸ್ತ್ರವೇ ಹೆದರಿಸುತ್ತದೆಂದು ಶಾಸನಕ್ಕೆ ಗೊತ್ತಿದೆ. ನಿಲುವಂಗಿಯೂ ಕೆಲವರನ್ನು ಹೆದರಿಸಬಹುದೆಂದು ನಮಗೆ ಗೊತ್ತಿರಬೇಕು. ಧರ್ಮಸಭೆಯೊಳಗೇ ನಡೆದ ದೌರ್ಜನ್ಯಗಳ ಬಗ್ಗೆ ಜಗದ್ಗುರು ಫ್ರಾನ್ಸಿಸರು 2019ರಲ್ಲಿ ಹೊರಡಿಸಿದ ನಿಯಮಗಳು ದೂರು ಕೊಟ್ಟವರನ್ನು ಗೌರವದಿಂದ ಬರಮಾಡಿಕೊಂಡು ಕೇಳಬೇಕೆಂದು ವಿಧಿಸುತ್ತವೆ. 2016ರ ಗುರುಶಿಕ್ಷಣದ ಮೂಲನಿಯಮಗಳು ಅಪ್ರಾಪ್ತರ ರಕ್ಷಣೆಯನ್ನು ಗುರುಮಠದ ಪಾಠಕ್ರಮದಲ್ಲಿ ಸೇರಿಸಲು ಹೇಳಿವೆ. ಒಂದು ಗಂಟೆಯ ಉಪನ್ಯಾಸಕ್ಕೆ ಸಹಿ ಹಾಕಿಸಿಕೊಂಡು ಇದನ್ನು ಪೂರೈಸಿದ್ದೇವೆಂದು ದಾಖಲಿಸುವ ರೂಢಿ ಬೆಳೆದರೆ ನಾವು ಹಳೆಯ ಜಾಗದಲ್ಲೇ ಇರುತ್ತೇವೆ. ಇನ್ನೊಂದು ಸೂಕ್ಷ್ಮ ವಿಷಯವಿದೆ. ಪಾಪನಿವೇದನೆಯ ಗೋಪ್ಯ ಮುರಿಯಲಾಗದ್ದು. ಅದರ ಹೊರಗೆ ಕಿವಿಗೆ ಬಿದ್ದ ಮಗುವಿನ ಮೇಲಿನ ದೌರ್ಜನ್ಯವನ್ನು ಅಧಿಕಾರಿಗಳಿಗೆ ತಿಳಿಸುವುದು ಕಾನೂನಿನ ಕಡ್ಡಾಯ. ಯಾವ ಮಾತು ಸಂಸ್ಕಾರದೊಳಗಿನದು, ಯಾವುದು ಹೊರಗಿನದು ಎಂಬುದನ್ನು ಮಗುವಿಗೂ ತಿಳಿಯುವಂತೆ ಮೊದಲೇ ಹೇಳುವ ಅಭ್ಯಾಸವನ್ನು ಸೇವಾದರ್ಶಿಗಳಿಗೆ ಕಲಿಸದೆ ಅಭಿಷೇಕಕ್ಕೆ ಕಳುಹಿಸಬಾರದು.

ಈಚಿನ ವರ್ಷಗಳಲ್ಲಿ ನಿಮ್ಹಾನ್ಸ್ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ಜೊತೆ ಸೇರಿ, ಸಂಕಷ್ಟದಲ್ಲಿರುವ ಮಕ್ಕಳೊಡನೆ ದುಡಿಯುವವರಿಗಾಗಿ ‘ಸಂವಾದ್’ ಮತ್ತು 2022ರಿಂದ ‘ಸ್ತ್ರೀ ಮನೋರಕ್ಷಾ’ ಎಂಬ ಯೋಜನೆಗಳನ್ನು ನಡೆಸಿದೆ. ಎರಡನೆಯದು ಹಿಂಸೆಗೆ ಒಳಗಾದ ಮಹಿಳೆಯರು ಬರುವ ‘ಸಖಿ’ ಕೇಂದ್ರಗಳ ಎಲ್ಲ ಸಿಬ್ಬಂದಿಗಾಗಿ. ಕಾವಲುಗಾರರೂ ಅಡುಗೆಯವರೂ ತರಬೇತಿಯ ಪಟ್ಟಿಯಲ್ಲಿರಬೇಕೆಂಬ ಆಲೋಚನೆ ನಮಗೆ ಬಹಳ ಮೆಚ್ಚುಗೆಯಾಯಿತು. ಛತ್ರಕ್ಕೆ ಬಂದವಳು ಮೊದಲು ಕಾಣುವುದು ಬಾಗಿಲಲ್ಲಿ ಕೂತವನನ್ನು.

ಆದರೂ ಈ ತರಬೇತಿಗಳ ಬಗ್ಗೆ ಒಂದು ಶಂಕೆಯನ್ನು ಬರೆಯದಿದ್ದರೆ ಲೇಖನ ಅಪ್ರಾಮಾಣಿಕವಾಗುತ್ತದೆ. ಅರೆಕಲಿತವನು ಗಾಯದ ಕಟ್ಟು ಬಿಚ್ಚುತ್ತಾನೆ, ಮತ್ತೆ ಕಟ್ಟಲು ಅವನಿಗೆ ಬರುವುದಿಲ್ಲ. ವಿಪತ್ತಿನ ಮರುದಿನವೇ ಜನರನ್ನು ಕೂರಿಸಿ ಕಂಡದ್ದೆಲ್ಲವನ್ನೂ ಹೇಳಿಸುವ ಪದ್ಧತಿ ಒಂದು ಕಾಲಕ್ಕೆ ಎಲ್ಲೆಡೆ ಹಬ್ಬಿತ್ತು. ವಿಶ್ವ ಆರೋಗ್ಯ ಸಂಸ್ಥೆ ಈಗ ಅದನ್ನು ಬೇಡವೆನ್ನುತ್ತದೆ. ಅದರ 2011ರ ಪ್ರಥಮ ಮಾನಸಿಕ ಚಿಕಿತ್ಸೆಯ ಮಾರ್ಗದರ್ಶಿ ನೋಡು, ಕೇಳು, ಜೋಡಿಸು ಎಂಬ ಮೂರಕ್ಕೆ ತೃಪ್ತವಾಗಿದೆ. ಎರಡನೆಯ ಶಂಕೆ ಇನ್ನೂ ಆಳದ್ದು. 2000ದ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಯಲ್ಲಿದ್ದ ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಕೂಡಿಹಾಕಿ ಜೀವಂತ ಸುಡಲಾಯಿತು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಕೋಲಾರದ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು, 2014ರಲ್ಲಿ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅಂಥ ಕುಟುಂಬದವರಿಗೆ ಉಸಿರಾಟದ ಅಭ್ಯಾಸ ಹೇಳಿಕೊಡುವ ಆಪ್ತಸಮಾಲೋಚಕನನ್ನು ಕಳುಹಿಸಿ ನಮ್ಮ ಕೆಲಸ ಮುಗಿಯಿತೆಂದರೆ, ಅನ್ಯಾಯವನ್ನು ರೋಗವೆಂದು ಹೆಸರು ಬದಲಾಯಿಸಿದಂತೆ. ಸುರಕ್ಷತೆಯೇ ಆರೈಕೆಯ ಮೊದಲ ತತ್ತ್ವವಾದರೆ, ಸಾಕ್ಷಿ ಹೇಳಲು ಹೆದರಬೇಕಾದ ಊರಿನಲ್ಲಿ ಆರೈಕೆ ಇನ್ನೂ ಆರಂಭವೇ ಆಗಿಲ್ಲ. ಭೋಪಾಲದವರು ದಶಕಗಳ ಕಾಲ ಬೀದಿಗಿಳಿದು ಕೇಳಿದ್ದು ಮಾತ್ರೆಯೊಂದನ್ನೇ ಅಲ್ಲ, ನ್ಯಾಯವನ್ನು.

ಶಿವಾರಪಟ್ಟಣದಲ್ಲಿ ಇನ್ನೊಂದು ವಿಷಯ ಕೇಳಿಬಂದಿತ್ತು. ಭಿನ್ನವಾದ ವಿಗ್ರಹ ಪೂಜೆಗೆ ಸಲ್ಲದು. ಕೆತ್ತನೆಯ ಕೊನೆಯಲ್ಲಿ ಬೆರಳೊಂದು ಮುರಿದರೂ ಅದನ್ನು ಬದಿಗಿಡಬೇಕು. ಅದು ಆ ಶಾಸ್ತ್ರದ ನಿಯಮ, ಅದಕ್ಕೆ ಅದರದೇ ತರ್ಕವಿದೆ. ಹಿಂದಿರುಗುವ ದಾರಿಯಲ್ಲಿ ವಿದ್ಯಾರ್ಥಿಗಳು ಸಂತ ಯೊವಾನ್ನರ 20ನೆಯ ಅಧ್ಯಾಯವನ್ನು ಎತ್ತಿ ಚರ್ಚಿಸಿದರು. ಪುನರುತ್ಥಾನ ಹೊಂದಿದ ಪ್ರಭು ಗಾಯಗಳನ್ನು ಕಳೆದುಕೊಂಡು ಬರಲಿಲ್ಲ, ತೋರಿಸಲು ಹಿಂಜರಿಯಲಿಲ್ಲ. ತೋಮನನ್ನು ಮುಟ್ಟಲು ಕರೆದವರು ಅವರೇ, ಬಲವಂತದಿಂದ ಯಾರೂ ಮುಟ್ಟಲಿಲ್ಲ. ಗಾಯವನ್ನು ಯಾರಿಗೆ, ಯಾವಾಗ ತೋರಿಸಬೇಕೆಂಬ ಆಯ್ಕೆ ಗಾಯಗೊಂಡವರದೇ ಎಂಬುದಕ್ಕೆ ನಮಗೆ ಇದಕ್ಕಿಂತ ದೊಡ್ಡ ಆಧಾರ ಬೇಕಿಲ್ಲ ಎಂದು ಒಬ್ಬನು ಹೇಳಿದನು. ಅವನ ಮಾತನ್ನು ನಾವು ಇಲ್ಲಿ ಕೃತಜ್ಞತೆಯಿಂದ ಬಳಸಿಕೊಂಡಿದ್ದೇವೆ.

ಬರುವ ಶೈಕ್ಷಣಿಕ ವರ್ಷದಿಂದ ಸೇವಾದರ್ಶಿಗಳನ್ನು ಮೂರು ವಾರಗಳ ಮಟ್ಟಿಗೆ ಪಾಠಶಾಲೆಯ ಹೊರಗೆ ಕಳುಹಿಸುವ ಪ್ರಸ್ತಾವವನ್ನು ನಾವು ಬೋಧಕ ವರ್ಗದ ಮುಂದಿಟ್ಟಿದ್ದೇವೆ. ಮೊದಲ ವಾರ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಬರೀ ಕೂತು ನೋಡುವುದು, ನಿಲುವಂಗಿಯಿಲ್ಲದೆ, ಪ್ರಾರ್ಥನೆಗೆ ಕೈ ಎತ್ತದೆ. ಎರಡನೆಯ ವಾರ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರ ಹಿಂದೆ ನಡೆಯುವುದು. ಅವರಿಂದ ಕಲಿಯುವುದು, ಅವರಿಗೆ ಕಲಿಸುವುದಲ್ಲ. ಮೂರನೆಯ ವಾರ ನುರಿತವರ ಕಣ್ಣಳತೆಯಲ್ಲಿ ಮಾತನಾಡುವುದು, ತಮ್ಮ ಶಕ್ತಿ ಮೀರಿದ್ದನ್ನು ಮನೋವೈದ್ಯರಿಗೂ 14416ರ ಟೆಲಿ-ಮಾನಸ್ ಸಹಾಯವಾಣಿಗೂ ಜೋಡಿಸುವುದು. ಮೇಲ್ವಿಚಾರಣೆ ಯಾರದೆಂಬುದು ಇನ್ನೂ ತೀರ್ಮಾನವಾಗಿಲ್ಲ. ಗುರುಗಳಲ್ಲದವರು, ಅದರಲ್ಲೂ ಮಹಿಳೆಯರು, ಆ ಹೊಣೆ ಹೊರಬೇಕೆಂಬುದು ನಮ್ಮ ಒತ್ತಾಯ, ಅದಕ್ಕೆ ವಿರೋಧವೂ ಇದೆ. ಮೊದಲ ವಾರದ ಮೌನಕ್ಕೆ ಅಂಕ ಕೊಡುವುದು ಹೇಗೆಂದು ಪರೀಕ್ಷಾ ವಿಭಾಗದವರು ಕೇಳಿದ್ದಾರೆ. ಆ ಕಲಮನ್ನು ಸದ್ಯಕ್ಕೆ ಖಾಲಿ ಬಿಟ್ಟು ಪ್ರಸ್ತಾವವನ್ನು ಮತ್ತೆ ಕಳುಹಿಸಿದ್ದೇವೆ.